ಅಣಬೆಯಿಂದ ಚರ್ಮದ ಗಡ್ಡೆ ಕರಗುತ್ತದೆಯೇ?

ಪ್ರಶ್ನೆ: ಅಣಬೆಯ ಸಾರಕ್ಕೆ ಚರ್ಮದ ಗಡ್ಡೆ ತಡೆಯುವ ಗುಣವಿದೆಯಂತೆ, ನಿಜವೇ? — ಓದುಗರೊಬ್ಬರು, ರಾಜಾಜಿನಗರ

ಉತ್ತರ: ಇಲಿಗಳ ಮಟ್ಟಿಗೆ ನಿಜ. ಪ್ರಯೋಗಾಲಯದಲ್ಲಿ ಇಲಿಯ ಚರ್ಮಕ್ಕೆ ಮೊದಲು ಡಿಎಂಬಿಎ ಎಂಬ ರಾಸಾಯನಿಕ ಸವರಿ ಜೀವಕೋಶದ ಡಿಎನ್‌ಎ ಕೆಡಿಸುತ್ತಾರೆ. ಆಮೇಲೆ ವಾರಗಟ್ಟಲೆ ಟಿಪಿಎ ಎಂಬ ಇನ್ನೊಂದು ರಾಸಾಯನಿಕ ಹಚ್ಚಿ ಉರಿಯೂತ ಎಬ್ಬಿಸುತ್ತಾರೆ. ಗಂಟು ಏಳುವುದು ಆಗಲೇ. ಈ ಟಿಪಿಎ ಸಿಕ್ಕಿದ್ದು ಎಲ್ಲಿ ಗೊತ್ತೇ? ಭೇದಿಗೆ ಹೆಸರಾದ ನಮ್ಮ ಜಾಪಾಳದ ಬೀಜದೆಣ್ಣೆಯಲ್ಲಿ! 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಪೋರಿಯಾ ಕೋಕೋಸ್ ಎಂಬ ಅಣಬೆ ಜಾತಿಯ ಶಿಲೀಂಧ್ರದಲ್ಲಿರುವ ಟ್ರೈಟರ್ಪೀನು ಎಂಬ ರಾಸಾಯನಿಕಗಳನ್ನು ಟಿಪಿಎ ಜೊತೆಗೆ ಹಚ್ಚಿ ನೋಡಿದಾಗ ಗಂಟುಗಳು ಕಡಿಮೆಯಾದವು. ಆದರೆ ಅದು ತಡೆದದ್ದಷ್ಟೇ, ಬೆಳೆದ ಗಡ್ಡೆ ಕರಗಿಸಿದ್ದಲ್ಲ; ಅದೂ ಚರ್ಮಕ್ಕೆ ಹಚ್ಚಿದ್ದು, ತಿನ್ನಿಸಿದ್ದಲ್ಲ. ಹಾಗಾಗಿ ಮಚ್ಚೆಯ ಬಣ್ಣ, ಆಕಾರ ಬದಲಾದರೆ ಅಥವಾ ಹುಣ್ಣು ಮಾಯದಿದ್ದರೆ ಅಣಬೆ ಪುಡಿಗೆ ದುಡ್ಡು ಸುರಿಯಬೇಡಿ. ಚರ್ಮವೈದ್ಯರಿಗೆ ತೋರಿಸಿ, ಅವರಿಗೆ ಅನುಮಾನ ಬಂದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಮ್ಮ ಬೆಂಗಳೂರಲ್ಲೇ ಇದೆ.