ಔಷಧದ ಪ್ರಮಾಣ ಇಳಿದಾಗ: ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ರೋಗಿಯ ಒಂದು ಸಂಕಟ

ಯಕೃತ್ತಿನ ಬೇನೆಯೆಂದೊಡನೆ ಕನ್ನಡಿಗರಿಗೆ ಮೊದಲು ಹೊಳೆಯುವ ಹೆಸರು ಕಾಮಾಲೆ. ಕಣ್ಣು ಹಳದಿಯಾಗುವುದು, ಅನ್ನ ಸೇರದಿರುವುದು, ಮನೆಯವರು ಎಣ್ಣೆ ತುಪ್ಪ ಬಿಡಿಸಿ ಪಥ್ಯಕ್ಕೆ ಹಚ್ಚುವುದು, ಕೆಲವು ವಾರಗಳಲ್ಲಿ ಮೈ ಹಗುರಾಗುವುದು, ಇವೆಲ್ಲ ಪರಿಚಿತ ಸಂಗತಿಗಳು. ಹೆಪಟೈಟಿಸ್ ಸಿ ಎಂಬ ವ್ಯಾಧಿಯ ರೀತಿ ಬೇರೆ. ಅದರ ವೈರಸ್ಸು ರಕ್ತದ ಮೂಲಕ ದೇಹವನ್ನು ಸೇರಿ, ಬಹುಮಂದಿಯಲ್ಲಿ ಕಾಮಾಲೆಯ ಕುರುಹನ್ನೇ ತೋರದೆ, ಇಪ್ಪತ್ತು ಮೂವತ್ತು ವರ್ಷಗಳ ಕಾಲ ಯಕೃತ್ತನ್ನು ಒಳಗಿಂದೊಳಗೇ ಗಾಯಗೊಳಿಸುತ್ತ ಹೋಗುತ್ತದೆ. 1989ರವರೆಗೆ ಅದಕ್ಕೊಂದು ಸ್ವಂತ ಹೆಸರೂ ಇರಲಿಲ್ಲ. ‘ಎ’ಯೂ ಅಲ್ಲದ ‘ಬಿ’ಯೂ ಅಲ್ಲದ ಹೆಪಟೈಟಿಸ್ ಎಂದೇ ವೈದ್ಯರು ಅದನ್ನು ಕರೆಯುತ್ತಿದ್ದರು. ಈ ವೈರಸ್ಸಿನ ಶೋಧಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹಾಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ವಿಚಾರಿಸತಕ್ಕದ್ದು ಆ ಚಿಕಿತ್ಸೆಯ ಒಂದು ಘಟ್ಟವನ್ನು ಮಾತ್ರ. ನಡುದಾರಿಯಲ್ಲಿ ವೈದ್ಯನು ಔಷಧದ ಪ್ರಮಾಣವನ್ನು ಇಳಿಸಿದಾಗ, ‘ಇನ್ನು ಗುಣವಾಗುವ ಆಸೆ ಹೋಯಿತು’ ಎಂದು ರೋಗಿಗೆ ತೋರುವುದುಂಟು. ಈ ಭೀತಿಗೆ ಎಷ್ಟು ಆಧಾರವಿದೆ?

2001ರಿಂದ ಸುಮಾರು ಹತ್ತು ಹನ್ನೆರಡು ವರ್ಷ ಎಲ್ಲೆಡೆ ರೂಢಿಯಲ್ಲಿದ್ದುದು ಎರಡು ಔಷಧಗಳ ಜೋಡಿ: ವಾರಕ್ಕೊಮ್ಮೆ ಚರ್ಮದಡಿ ಚುಚ್ಚುವ ಪೆಗ್‌ಇಂಟರ್‌ಫೆರಾನ್, ದಿನವೂ ನುಂಗುವ ರಿಬಾವಿರಿನ್. ವೈರಸ್ಸಿನ ಒಂದನೆಯ ತಳಿಗೆ 48 ವಾರ; ಭಾರತದಲ್ಲಿ ಹೆಚ್ಚಾಗಿ ಕಾಣುವ ಮೂರನೆಯ ತಳಿಗೆ 24 ವಾರ. ಚುಚ್ಚಿದ ರಾತ್ರಿ ಜ್ವರ, ಮೈಕೈ ನೋವು, ನಿದ್ರಾನಾಶ, ಸಿಡುಕು, ಕೆಲವರಲ್ಲಿ ಜೀವನವೇ ಬೇಡವೆನಿಸುವಷ್ಟು ಖಿನ್ನತೆ. ಈ ಖಿನ್ನತೆಯನ್ನು ಮನೆಮಂದಿ ರೋಗಿಯ ಸ್ವಭಾವದೋಷವೆಂದು ತಿಳಿದದ್ದೇ ಹೆಚ್ಚು. ಅದು ಔಷಧದ ಕೆಲಸ.

ಆದರೆ ಪ್ರಮಾಣ ಇಳಿಸುವ ಪ್ರಸಂಗ ಬಹುಮಟ್ಟಿಗೆ ಒದಗುತ್ತಿದ್ದುದು ರಕ್ತದ ದೆಸೆಯಿಂದ. ರಿಬಾವಿರಿನ್ ಕೆಂಪು ರಕ್ತಕಣವನ್ನು ಹೊಕ್ಕು ಅಲ್ಲಿ ಫಾಸ್ಫೇಟಿನೊಡನೆ ಕೂಡಿಕೊಳ್ಳುತ್ತದೆ. ಬೇರೆ ಜೀವಕೋಶಗಳು ಈ ಕೂಟವನ್ನು ಬಿಡಿಸಿ ಔಷಧವನ್ನು ಹೊರಗೆ ಕಳುಹಿಸಬಲ್ಲವು. ಕೆಂಪು ಕಣದಲ್ಲಿ ಅದಕ್ಕೆ ಬೇಕಾದ ಕಿಣ್ವಗಳಿಲ್ಲ. ಒಳಗೆ ಬಂದ ಅತಿಥಿ ಹೊರಡುವ ಮಾತಿಲ್ಲ. ಕಣದ ಶಕ್ತಿ ಕುಂದಿ, 120 ದಿನ ಬಾಳಬೇಕಾದ ಅದು ಅವಧಿಗೆ ಮೊದಲೇ ಒಡೆಯುತ್ತದೆ. ಮೊದಲ ನಾಲ್ಕು ವಾರಗಳಲ್ಲಿಯೇ ಹಿಮೋಗ್ಲೋಬಿನ್ ಕುಸಿಯುತ್ತದೆ. ನಿನ್ನೆಯವರೆಗೆ ರೈಲ್ವೆ ಸ್ಟೇಶನ್ನಿನ ಸೇತುವೆಯನ್ನು ಓಡಿ ಹತ್ತುತ್ತಿದ್ದವನು ಅರ್ಧದಲ್ಲಿ ನಿಂತು ಏದುಸಿರು ಬಿಡುತ್ತಾನೆ. ಇತ್ತ ಇಂಟರ್‌ಫೆರಾನ್ ಅಸ್ಥಿಮಜ್ಜೆಯನ್ನು ಅದುಮಿ ಬಿಳಿ ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ತಗ್ಗಿಸುತ್ತದೆ.

ಇದಕ್ಕೆ ನಿಯಮಗಳು ಸ್ಪಷ್ಟವಾಗಿದ್ದವು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 10 ಗ್ರಾಮಿಗಿಂತ ಕೆಳಗಿಳಿದರೆ, ಮೈತೂಕಕ್ಕೆ ತಕ್ಕಂತೆ ದಿನಕ್ಕೆ 1,000 ಅಥವಾ 1,200 ಮಿಲಿಗ್ರಾಂ ಇದ್ದ ರಿಬಾವಿರಿನ್ 600ಕ್ಕೆ, 8.5ಕ್ಕಿಂತ ಕೆಳಗಾದರೆ ಪೂರ್ತಿ ನಿಲುಗಡೆ. ಹೃದ್ರೋಗಿಗಳಲ್ಲಿ ನಾಲ್ಕು ವಾರದೊಳಗೆ 2 ಗ್ರಾಂ ಇಳಿದರೂ ಎಚ್ಚರಿಕೆ. ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಘನ ಮಿಲಿಮೀಟರಿಗೆ 750ಕ್ಕಿಂತ ಕಡಿಮೆಯಾದರೆ ಪೆಗ್‌ಇಂಟರ್‌ಫೆರಾನ್ ಆಲ್ಫಾ-2ಎ 180 ಮೈಕ್ರೊಗ್ರಾಮಿನಿಂದ 135ಕ್ಕೆ. ಪ್ಲೇಟ್‌ಲೆಟ್‌ಗಳು 50,000ಕ್ಕಿಂತ ಕಡಿಮೆಯಾದರೆ 90ಕ್ಕೆ.

ನಿಯಮ ಹೀಗಿರಲು ಭೀತಿ ಎಲ್ಲಿಂದ ಬಂದಿತು? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಎರಡೂ ಔಷಧಗಳ ಶೇಕಡಾ 80ರಷ್ಟನ್ನಾದರೂ ಅವಧಿಯ ಶೇಕಡಾ 80ರಷ್ಟು ಕಾಲವಾದರೂ ಸೇವಿಸಿದವರಲ್ಲಿ ಗುಣವಾದವರು ಹೆಚ್ಚೆಂದು ತೋರಿಸಿತು. ವೈದ್ಯರಿಗೆ ಇದೊಂದು ಉಪಯುಕ್ತ ಅವಲೋಕನ. ರೋಗಿಯ ಕಿವಿಗೆ ಬೀಳುವಷ್ಟರಲ್ಲಿ ಅದು ಕಟ್ಟಳೆಯಾಗಿತ್ತು. ಎಂಬತ್ತರ ಗೆರೆಯ ಕೆಳಗೆ ಜಾರಿದರೆ ಎಲ್ಲವೂ ವ್ಯರ್ಥವೆಂದು ಬಗೆದವನು ಉಬ್ಬಸವನ್ನೂ ತಲೆಸುತ್ತನ್ನೂ ವೈದ್ಯನಿಂದ ಮುಚ್ಚಿಡಲು ಪ್ರಲೋಭನೆಗೆ ಒಳಗಾದರೆ ಆಶ್ಚರ್ಯವೇನು? ಮುಚ್ಚಿಟ್ಟವನ ರಕ್ತ ಇನ್ನಷ್ಟು ಇಳಿದು, ಕೊನೆಗೆ ಔಷಧವನ್ನು ನಿಲ್ಲಿಸಿಯೇ ಬಿಡಬೇಕಾಗುತ್ತದೆ. ಇಳಿಸುವುದು ಬೇರೆ, ನಿಲ್ಲಿಸುವುದು ಬೇರೆ. ರೋಗ ಮರುಕಳಿಸುವಂತೆ ಮಾಡುವುದರಲ್ಲಿ ನಿಲುಗಡೆಯ ಪಾಲೇ ದೊಡ್ಡದು.

ಅನಂತರದ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ತಿಳಿಗೊಳಿಸಿದವು. ಮೊದಲ ಹನ್ನೆರಡು ವಾರಗಳಲ್ಲಿ, ವೈರಸ್ಸು ರಕ್ತದಲ್ಲಿ ಇನ್ನೂ ಕಾಣುತ್ತಿರುವಾಗ ಮಾಡಿದ ಕಡಿತದ ಪರಿಣಾಮ ಹೆಚ್ಚು. ವೈರಸ್ಸು ಮರೆಯಾದ ಮೇಲೆ ರಿಬಾವಿರಿನ್ನನ್ನು ಇಳಿಸಿದರೆ, ಒಟ್ಟು ಸೇವನೆ ಶೇಕಡಾ 60ಕ್ಕಿಂತ ಕೆಳಗೆ ಹೋಗದಿದ್ದಲ್ಲಿ, ನಷ್ಟ ಅಲ್ಪ. ಬೊಸೆಪ್ರೆವಿರ್ ಎಂಬ ಮೂರನೆಯ ಔಷಧ ಈ ಜೋಡಿಗೆ ಸೇರಿದ ಕಾಲದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವಂತೂ ಕಣ್ಣು ತೆರೆಸುವಂತಹದು. ರಕ್ತಹೀನತೆ ತಲೆದೋರಿದ 500 ಮಂದಿಯಲ್ಲಿ ಒಂದು ಗುಂಪಿಗೆ ರಿಬಾವಿರಿನ್ ಇಳಿಸಿದರು. ಇನ್ನೊಂದಕ್ಕೆ ಪ್ರಮಾಣ ಕಾಯ್ದುಕೊಂಡು, ಕೆಂಪು ಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಕೊಟ್ಟರು. ಗುಣವಾದವರು ಎರಡು ಗುಂಪುಗಳಲ್ಲಿಯೂ ನೂರಕ್ಕೆ ಸುಮಾರು 71.

ಪ್ರಮಾಣ ಇಳಿದ ಮೇಲೆ ರೋಗಿಯನ್ನು ಎದೆಗೆಡಿಸುವ ಇನ್ನೊಂದು ಸಂಗತಿ, ಮೈ ಕೂಡಲೆ ಚೇತರಿಸಿಕೊಳ್ಳದಿರುವುದು. ದೇಹದಲ್ಲಿ ಶೇಖರವಾದ ರಿಬಾವಿರಿನ್ ಅರ್ಧಕ್ಕಿಳಿಯಲು ಸುಮಾರು ಹನ್ನೆರಡು ದಿನ ಬೇಕು. ಆದುದರಿಂದ ಎರಡು ಮೂರು ವಾರ ಕಾಯದೆ ‘ಇಳಿಸಿದರೂ ಪ್ರಯೋಜನವಿಲ್ಲ’ವೆಂದು ತೀರ್ಮಾನಿಸಲಾಗದು. ರಕ್ತ ಕಡಿಮೆಯೆಂದೊಡನೆ ಬೀಟ್‌ರೂಟು, ಬೆಲ್ಲ, ಕಬ್ಬಿಣದ ಟಾನಿಕ್ಕುಗಳು ಮನೆಗೆ ಬರುವುದು ವಾಡಿಕೆ. ಬೀಟ್‌ರೂಟಿನಿಂದ ಕೇಡಿಲ್ಲ, ಆದರೆ ಇದು ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆಯಲ್ಲ, ಕಣ ಒಡೆದು ಬಂದದ್ದು. ಯಕೃತ್ತು ಮೊದಲೇ ನೊಂದಿರುವಾಗ ವೈದ್ಯನನ್ನು ಕೇಳದೆ ಕಬ್ಬಿಣ ನುಂಗುವುದು ಹಿತವಲ್ಲ. ಎರಡನೆಯ ಹಾಗೂ ನಾಲ್ಕನೆಯ ವಾರದ ರಕ್ತಪರೀಕ್ಷೆಯನ್ನು ತಪ್ಪಿಸದಿರುವುದು, ಅಂಕಿಗಳನ್ನೂ ಲಕ್ಷಣಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು, ರಿಬಾವಿರಿನ್ನನ್ನು ಊಟದೊಡನೆ ಸೇವಿಸುವುದು, ತಪ್ಪಿದ ಗುಳಿಗೆಗೆ ಬದಲಾಗಿ ಮರುದಿನ ಇಮ್ಮಡಿ ನುಂಗದಿರುವುದು, ಇಷ್ಟು ರೋಗಿಯ ಕೈಯಲ್ಲಿರುವ ಕಾರ್ಯ.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್ಬುವಿರ್ ಈ ಕ್ರಮವನ್ನೇ ಬದಲಿಸಿತು. 2014ರಲ್ಲಿ ಭಾರತದ ಏಳು ಕಂಪನಿಗಳು ಅದನ್ನು ತಯಾರಿಸುವ ಪರವಾನಗಿ ಪಡೆದವು; ಬೆಲೆ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧ ಉಚಿತ. ಬಹುಮಂದಿಗೆ 12 ವಾರಗಳ ಗುಳಿಗೆಯಿಂದ ಕೆಲಸ ಮುಗಿಯುತ್ತದೆ.

ಇಲ್ಲಿ ಹಳೆಯ ತಿಳಿವಳಿಕೆ ತಿರುಗುಮುರುಗಾಗುತ್ತದೆ. ಸೊಫೊಸ್ಬುವಿರ್ ದಿನಕ್ಕೆ 400 ಮಿಲಿಗ್ರಾಂ. ತೊಂದರೆಯೆಂದು ಅದನ್ನು ಇಳಿಸುವ ಪದ್ಧತಿಯೇ ಇಲ್ಲ. ‘ಉಷ್ಣವಾಗುತ್ತದೆ’ ಎಂದು ಗುಳಿಗೆಯನ್ನು ಮುರಿದು ಅರ್ಧ ನುಂಗುವವನು, ದಿನ ಬಿಟ್ಟು ದಿನ ಸೇವಿಸುವವನು, ವೈರಸ್ಸಿಗೆ ಪಳಗುವ ಅವಕಾಶ ಕೊಡುತ್ತಾನೆ. ಜೊತೆಗೆ ಕೊಡುವ ಡಾಕ್ಲಾಟಾಸ್ವಿರ್ ಮಾತ್ರ 60 ಮಿಲಿಗ್ರಾಮಿನಿಂದ 30ಕ್ಕೆ ಇಳಿಯುವುದೂ 90ಕ್ಕೆ ಏರುವುದೂ ಉಂಟು. ಅದಕ್ಕೆ ಕಾರಣ ರೋಗಿ ಸೇವಿಸುತ್ತಿರುವ ಬೇರೆ ಔಷಧಗಳು, ಅವನ ಬಳಲಿಕೆಯಲ್ಲ.

ರಿಬಾವಿರಿನ್ ಪೂರ್ತಿ ಮರೆಯಾಗಿಲ್ಲ. ಯಕೃತ್ತು ಗಡುಸಾಗಿ ಹೊಟ್ಟೆಯಲ್ಲಿ ನೀರು ತುಂಬುವ ಹಂತ ಮುಟ್ಟಿದವರಿಗೆ ಇಂದಿಗೂ ಅದನ್ನು ಹೊಸ ಗುಳಿಗೆಗಳೊಡನೆ ಸೇರಿಸುತ್ತಾರೆ. ಅಲ್ಲಿ 600 ಮಿಲಿಗ್ರಾಮಿನಿಂದ ಪ್ರಾರಂಭಿಸಿ ದೇಹ ತಾಳಿದಷ್ಟು ಏರಿಸುವುದು, ತಾಳದಿದ್ದರೆ ಇಳಿಸುವುದು ಕ್ರಮ. ಚಿಕಿತ್ಸೆ ಫಲಿಸಿತೇ ಎಂಬುದು ತಿಳಿಯುವುದು ಕೊನೆಯ ಗುಳಿಗೆ ನುಂಗಿದ ದಿನವಲ್ಲ; ಆ ಬಳಿಕ ಹನ್ನೆರಡು ವಾರ ಕಳೆದು ಮಾಡುವ ರಕ್ತಪರೀಕ್ಷೆಯಲ್ಲಿ.