ವಿದ್ಯಾರ್ಥಿಗಳ ಸಂಗೀತ ಪತ್ರಿಕೆ: ಪುಟವಿನ್ಯಾಸದ ರೂಢಿಗಳು ಮತ್ತು ಅವುಗಳ ಕಾರಣ

ಇಂಗ್ಲೆಂಡಿನಲ್ಲಿ ಹದಿನಾರು, ಹದಿನೇಳು ವಯಸ್ಸಿನ ವಿದ್ಯಾರ್ಥಿಗಳು ಮಾಧ್ಯಮ ಅಧ್ಯಯನವನ್ನು ಒಂದು ಪಠ್ಯವಿಷಯವಾಗಿ ಆರಿಸಿಕೊಳ್ಳಬಹುದು. ಅಲ್ಲಿನ ಓಸಿಆರ್ ಎಂಬ ಪರೀಕ್ಷಾ ಮಂಡಳಿಯು 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದಂತೆ, ಮುದ್ರಣ ಮಾಧ್ಯಮವನ್ನು ಆಯ್ದುಕೊಂಡ ವಿದ್ಯಾರ್ಥಿಗಳು ಮೊದಲು ಅಭ್ಯಾಸಕ್ಕೆಂದು ಶಾಲಾ ಪತ್ರಿಕೆಯೊಂದರ ಮುಖಪುಟವನ್ನು ಸಿದ್ಧಪಡಿಸಿ, ಆನಂತರ ಹೊಸ ಸಂಗೀತ ಪತ್ರಿಕೆಯೊಂದನ್ನು ಕಲ್ಪಿಸಿಕೊಂಡು ಅದರ ಮುಖಪುಟ, ಪರಿವಿಡಿ ಮತ್ತು ಎದುರುಬದುರಿನ ಎರಡು ಪುಟಗಳಲ್ಲಿ ಹರಡಿದ ಒಂದು ಲೇಖನವನ್ನು ರೂಪಿಸಬೇಕಾಗಿತ್ತು. ಬರಹವೂ ಚಿತ್ರಗಳೂ ಸ್ವಂತದ್ದಾಗಿರಬೇಕು, ಕನಿಷ್ಠ ನಾಲ್ಕು ಛಾಯಾಚಿತ್ರಗಳನ್ನು ವಿದ್ಯಾರ್ಥಿಯೇ ತೆಗೆದಿರಬೇಕು ಎಂಬುದು ನಿಯಮವಾಗಿತ್ತು. ಒಟ್ಟು 100 ಅಂಕಗಳಲ್ಲಿ 60 ಪತ್ರಿಕೆಯ ನಿರ್ಮಾಣಕ್ಕೆ, ಉಳಿದವು ಪೂರ್ವಸಿದ್ಧತೆಗೂ ಕೊನೆಯ ಸ್ವವಿಮರ್ಶೆಗೂ ಮೀಸಲಾಗಿದ್ದವು. ಆ ಸ್ವವಿಮರ್ಶೆಯ ಮೊದಲ ಪ್ರಶ್ನೆಯೇ ಮಾರುಕಟ್ಟೆಯಲ್ಲಿರುವ ಪತ್ರಿಕೆಗಳ ರೂಢಿಗಳನ್ನು ವಿದ್ಯಾರ್ಥಿಯು ಹೇಗೆ ಬಳಸಿಕೊಂಡಿದ್ದಾನೆ, ಹೇಗೆ ಬೆಳೆಸಿದ್ದಾನೆ, ಎಲ್ಲಿ ಅವುಗಳಿಗೆ ಸವಾಲು ಹಾಕಿದ್ದಾನೆ ಎಂಬುದಾಗಿತ್ತು.

ಇದು ಬಹಳ ಒಳ್ಳೆಯ ಪ್ರಶ್ನೆ. ಪುಟವಿನ್ಯಾಸದ ರೂಢಿ ಎಂದರೆ ಕಣ್ಣಿಗೆ ಹಿತವಾಗಲೆಂದು ಯಾರೋ ಮಾಡಿಟ್ಟ ಅಲಂಕಾರವೆಂದು ತಿಳಿಯುವವರೇ ಹೆಚ್ಚು. ಆದರೆ ಪ್ರತಿ ರೂಢಿಯ ಹಿಂದೆಯೂ ಅಂಗಡಿಯ ಕಪಾಟು, ಮುದ್ರಣಾಲಯ, ಓದುಗನ ಕಣ್ಣಿನ ಚಲನೆ, ಜಾಹೀರಾತುದಾರನ ಬೇಡಿಕೆ ಮೊದಲಾದ ಯಾವುದಾದರೊಂದು ವ್ಯಾವಹಾರಿಕ ಕಾರಣವಿದ್ದು, ಆ ಕಾರಣವನ್ನು ಅರಿಯದೆ ಮಾಡಿದ ಅನುಕರಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಜೀವವಿಲ್ಲದ್ದಾಗಿ ಉಳಿಯುತ್ತದೆ.

ಮುಖಪುಟದ ನೆತ್ತಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ ಪತ್ರಿಕೆಯ ಹೆಸರನ್ನು ಮಾಸ್ಟ್‌ಹೆಡ್ ಎನ್ನುತ್ತಾರೆ. ಅದು ಮೇಲ್ಭಾಗದಲ್ಲೇ ಇರುವುದಕ್ಕೆ ಕಾರಣವೆಂದರೆ, ಅಂಗಡಿಯ ಕಪಾಟಿನಲ್ಲಿ ಪತ್ರಿಕೆಗಳನ್ನು ಒಂದರ ಹಿಂದೊಂದು ಮೆಟ್ಟಿಲುಮೆಟ್ಟಿಲಾಗಿ ನಿಲ್ಲಿಸಿದಾಗ ಮೇಲಿನ ಅಂಚಷ್ಟೇ ಕಾಣುತ್ತದೆ. ಪಕ್ಕಪಕ್ಕದಲ್ಲಿ ಒತ್ತಾಗಿ ಜೋಡಿಸಿದಾಗ ಎಡಭಾಗವಷ್ಟೇ ಕಾಣುವುದರಿಂದ, ಮುಖ್ಯ ಸುದ್ದಿಯ ಸಾಲುಗಳನ್ನು ಪುಟದ ಎಡಗಡೆಯ ಮೂರನೆಯ ಒಂದು ಭಾಗದೊಳಗೆ ತರುವ ಪದ್ಧತಿಯೂ ಬೆಳೆಯಿತು. 1986ರಲ್ಲಿ ಆರಂಭವಾಗಿ 2020ರಲ್ಲಿ ನಿಂತುಹೋದ ಬ್ರಿಟನ್ನಿನ ‘ಕ್ಯೂ’ ಪತ್ರಿಕೆ ತನ್ನ ಒಂದೇ ಅಕ್ಷರದ ಹೆಸರನ್ನು ಕೆಂಪು ಚೌಕದೊಳಗೆ ಬಿಳಿಯಾಗಿ ಮೂಡಿಸಿ ಮೇಲಿನ ಎಡಮೂಲೆಯಲ್ಲಿ ಕೂರಿಸುತ್ತಿದ್ದುದು ಈ ಎರಡೂ ಅಗತ್ಯಗಳನ್ನು ಏಕಕಾಲಕ್ಕೆ ಪೂರೈಸಿದ ಜಾಣ ಪರಿಹಾರವಾಗಿತ್ತು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕಾಗಿ 1981ರಲ್ಲಿ ಹುಟ್ಟಿದ ‘ಕೆರಾಂಗ್!’ ಪತ್ರಿಕೆಯ ಹೆಸರಿನ ಅಕ್ಷರಗಳಾದರೋ ಬಿರುಕು ಬಿಟ್ಟ ಗಾಜಿನಂತೆ ಒಡೆದು ಕಾಣುತ್ತವೆ. ಎಲೆಕ್ಟ್ರಿಕ್ ಗಿಟಾರನ್ನು ಜೋರಾಗಿ ಮೀಟಿದಾಗ ಹೊಮ್ಮುವ ಸದ್ದೇ ಆ ಪತ್ರಿಕೆಯ ಹೆಸರಾಗಿರುವುದರಿಂದ, ಅಕ್ಷರದ ಆಕಾರವೇ ಒಳಗಿನ ಸಂಗೀತದ ಗುಣವನ್ನು ಓದುಗನಿಗೆ ಮೊದಲ ನೋಟದಲ್ಲೇ ತಿಳಿಸಿಬಿಡುತ್ತದೆ.

ಮುಖಪುಟದ ಚಿತ್ರದಲ್ಲಿ ಕಲಾವಿದರು ಸಾಮಾನ್ಯವಾಗಿ ಸೊಂಟದಿಂದ ಮೇಲೆ ಕಾಣುವಂತೆ ನಿಂತು ನೇರವಾಗಿ ಕ್ಯಾಮೆರಾವನ್ನು ನೋಡುತ್ತಾರೆ. ಹತ್ತಾರು ಪತ್ರಿಕೆಗಳ ನಡುವೆ ಕಣ್ಣಿಗೆ ಕಣ್ಣು ಕೂಡಿಸುವ ಮುಖವೊಂದಿದ್ದರೆ ಗಿರಾಕಿಯ ನೋಟ ಅಲ್ಲಿ ಅರೆಗಳಿಗೆ ನಿಲ್ಲುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಹಲವು ಪತ್ರಿಕೆಗಳಲ್ಲಿ ಕಲಾವಿದನ ತಲೆಯು ಹೆಸರಿನ ಅಕ್ಷರಗಳನ್ನು ಸ್ವಲ್ಪ ಮರೆಮಾಡುತ್ತದೆ. ಹೆಸರು ಪೂರ್ತಿ ಕಾಣದಿದ್ದರೂ ಜನ ಗುರುತಿಸುತ್ತಾರೆಂಬ ಭರವಸೆಯುಳ್ಳ ಹಳೆಯ ಪತ್ರಿಕೆಗೆ ಇದು ಸಲ್ಲುತ್ತದೆ. ಯಾರೂ ಕಂಡಿಲ್ಲದ ಹೊಸ ಪತ್ರಿಕೆಯನ್ನು ಕಲ್ಪಿಸುತ್ತಿರುವ ವಿದ್ಯಾರ್ಥಿ ಇದನ್ನೇ ಮಾಡಿದರೆ ಓದುಗನಿಗೆ ಹೆಸರೇ ತಿಳಿಯದೆ ಹೋಗುವ ಅಪಾಯವಿದ್ದು, ಕಾರಣವರಿಯದ ಅನುಕರಣೆಯ ತೊಡಕಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಬೆಲೆ, ದಿನಾಂಕ, ಸಂಚಿಕೆಯ ಸಂಖ್ಯೆ, ಬಾರ್‌ಕೋಡ್ ಇವು ಚಿಕ್ಕವಾದರೂ ಅವಿಲ್ಲದ ಮುಖಪುಟ ಪತ್ರಿಕೆಯಂತೆ ಕಾಣದೆ ಭಿತ್ತಿಪತ್ರದಂತೆ ಕಾಣುತ್ತದೆ.

ಪರಿವಿಡಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪುಟಸಂಖ್ಯೆಗಳು ಎದ್ದು ಕಾಣಬೇಕು, ಸಂದರ್ಶನ, ವಿಮರ್ಶೆ, ಕಾರ್ಯಕ್ರಮಗಳ ಪಟ್ಟಿ ಎಂಬ ವಿಭಾಗಗಳು ಬೇರೆಬೇರೆಯಾಗಿ ತೋರಬೇಕು, ಮುಖಪುಟದಲ್ಲಿ ಬಳಸಿದ ಬಣ್ಣಗಳೂ ಅಕ್ಷರಶೈಲಿಯೂ ಇಲ್ಲಿ ಮುಂದುವರಿಯಬೇಕು. ಎಲ್ಲ ಪುಟಗಳಿಗೂ ಸಮಾನವಾದ ಈ ನಡವಳಿಕೆಗೆ ಪತ್ರಿಕೆಯ ಶೈಲಿ ಎನ್ನುತ್ತಾರೆ. ಎರಡು ಮೂರು ಬಣ್ಣ ಹಾಗೂ ಎರಡು ಬಗೆಯ ಅಕ್ಷರಗಳಿಗೆ ತನ್ನನ್ನು ಕಟ್ಟಿಹಾಕಿಕೊಳ್ಳುವ ಸಂಯಮ ಎಳೆಯ ವಿನ್ಯಾಸಕಾರರಿಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಜೋಡಿ ಪುಟದ ಲೇಖನದಲ್ಲಿ ಒಂದು ಬದಿಯನ್ನು ದೊಡ್ಡ ಚಿತ್ರವೂ ಇನ್ನೊಂದು ಬದಿಯನ್ನು ಕಾಲಂಗಳಾಗಿ ಸೀಳಿದ ಬರಹವೂ ಆಕ್ರಮಿಸುವುದು ವಾಡಿಕೆ. ಸಾಲು ಅತಿ ಉದ್ದವಾದರೆ ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಮರಳುವಾಗ ಕಣ್ಣು ದಾರಿ ತಪ್ಪುವುದರಿಂದ ಕಾಲಂ ಬೇಕಾಗುತ್ತದೆ. ಶೀರ್ಷಿಕೆಯ ಕೆಳಗೆ ಲೇಖನದ ಸಾರವನ್ನು ಎರಡು ಮಾತಿನಲ್ಲಿ ಹೇಳುವ ಪೀಠಿಕೆಯ ಸಾಲು, ಬರಹ ಎಲ್ಲಿ ಶುರುವಾಗುತ್ತದೆಂದು ತೋರುವ ಹಿಗ್ಗಿಸಿದ ಮೊದಲ ಅಕ್ಷರ, ಸಂದರ್ಶನದಿಂದ ಹೆಕ್ಕಿ ದಪ್ಪಕ್ಷರದಲ್ಲಿ ನಡುವೆ ಇಟ್ಟ ಒಂದು ಮಾತು ಇವೆಲ್ಲವೂ ಪುಟ ತಿರುವುತ್ತಿರುವವನನ್ನು ಓದುವವನನ್ನಾಗಿ ಮಾಡುವ ಉಪಾಯಗಳು. ಎರಡು ಪುಟಗಳು ಕೂಡುವ ಹೊಲಿಗೆಯ ಮಡಿಕೆಯಲ್ಲಿ ಕಲಾವಿದನ ಮುಖವಾಗಲಿ ಶೀರ್ಷಿಕೆಯ ಅಕ್ಷರವಾಗಲಿ ಬಿದ್ದರೆ ಅದು ನುಂಗಿಹೋಗುತ್ತದೆ ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ತಿಳಿಯುವುದೇ ಇಲ್ಲ. ಅಚ್ಚು ಹಾಕಿ ಮಡಿಸಿ ನೋಡಿದಾಗಲೇ ತಿಳಿಯುತ್ತದೆ.

ರೂಢಿಯನ್ನು ಮುರಿದವರ ಚರಿತ್ರೆಯೂ ಈ ಪಾಠದ ಭಾಗವಾಗಬೇಕು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಸಂಗೀತದ ಪತ್ರಿಕೆಯನ್ನು ಟೈಪ್‌ರೈಟರ್, ದಪ್ಪ ಮೊನೆಯ ಪೆನ್ನು, ಜೆರಾಕ್ಸ್ ಯಂತ್ರಗಳ ನೆರವಿನಿಂದಲೇ ಹೊರತಂದರು. ಆ ಒರಟುತನ ಬಡತನದಿಂದ ಬಂದದ್ದಾದರೂ ಆ ಸಂಗೀತದ ಸ್ವಭಾವಕ್ಕೆ ಒಪ್ಪಿದ್ದರಿಂದ ಅದೇ ಮುಂದೆ ಒಂದು ಶೈಲಿಯಾಯಿತು. 1980ರ ದಶಕದಲ್ಲಿ ‘ದಿ ಫೇಸ್’ ಪತ್ರಿಕೆಯ ವಿನ್ಯಾಸಕಾರ ನೆವಿಲ್ ಬ್ರೋಡಿ ಹೊಸ ಅಕ್ಷರಗಳನ್ನು ತಾವೇ ಬರೆದು ಪುಟಕ್ಕೆ ಕಟ್ಟಡದಂಥ ಗಟ್ಟಿತನ ತಂದರೆ, ಆನಂತರದ ದಶಕದಲ್ಲಿ ಅಮೆರಿಕದ ‘ರೇ ಗನ್’ ಪತ್ರಿಕೆಯ ಡೇವಿಡ್ ಕಾರ್ಸನ್ ಗಾಯಕ ಬ್ರಯಾನ್ ಫೆರಿಯ ಸಂದರ್ಶನವು ಸಪ್ಪೆಯೆನಿಸಿ ಅದನ್ನು ಚಿಹ್ನೆಗಳಷ್ಟೇ ಇರುವ ಫಾಂಟ್‌ನಲ್ಲಿ ಮುದ್ರಿಸಿಬಿಟ್ಟರು. ಓದಬಲ್ಲ ಪಾಠವನ್ನು ಅದೇ ಸಂಚಿಕೆಯ ಹಿಂಭಾಗದಲ್ಲಿ ಕೊಡಲಾಗಿತ್ತು. ಈ ಮೂವರಲ್ಲಿ ವಿದ್ಯಾರ್ಥಿಗಳು ಹೆಚ್ಚು ಕಲಿಯಬೇಕಾದದ್ದು ಪೆರಿ ಅವರಿಂದ, ಏಕೆಂದರೆ ಕೈಯಲ್ಲಿದ್ದ ಸಾಧನ ಮತ್ತು ಹೇಳಬೇಕಾದ ವಿಷಯ ಅವರ ಪುಟಗಳಲ್ಲಿ ಒಂದಾಗಿವೆ.

ಇಂಗ್ಲಿಷ್ ಪತ್ರಿಕೆಗಳ ಈ ರೂಢಿಗಳಲ್ಲಿ ಕೆಲವು ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವಿಲ್ಲದಿರುವುದರಿಂದ ಶೀರ್ಷಿಕೆಯನ್ನು ಎತ್ತಿಹಿಡಿಯುವ ಹೊಣೆ ಪೂರ್ತಿಯಾಗಿ ಅಕ್ಷರದ ಗಾತ್ರ, ದಪ್ಪ, ಬಣ್ಣಗಳ ಮೇಲೆ ಬೀಳುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕಾಗುತ್ತದೆ. ಹಿಗ್ಗಿಸಿದ ಮೊದಲ ಅಕ್ಷರಕ್ಕೆ ಒತ್ತು ಇದ್ದರೆ ಅದು ಕೆಳಗಿನ ಸಾಲಿಗೆ ತಗಲುತ್ತದಾದ್ದರಿಂದ ಲೇಖನದ ಮೊದಲ ಪದವನ್ನೇ ಬದಲಿಸಬೇಕಾಗಿ ಬರಬಹುದು. ನಮ್ಮ ಕಾಲೇಜುಗಳ ವಾರ್ಷಿಕ ಸಂಚಿಕೆಗಳನ್ನು ರೂಪಿಸುವ ವಿದ್ಯಾರ್ಥಿಗಳಿಗೆ ಈ ಅಂಶಗಳನ್ನು ಹೇಳಿಕೊಡುವವರು ವಿರಳ. ವಿನ್ಯಾಸದ ಕೆಲಸವನ್ನು ಇಡಿಯಾಗಿ ಮುದ್ರಣಾಲಯಕ್ಕೆ ಒಪ್ಪಿಸಿಬಿಡದೆ, ಒಂದು ಮುಖಪುಟವನ್ನೂ ಒಂದು ಜೋಡಿ ಪುಟವನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ, ಪ್ರತಿ ಆಯ್ಕೆಗೂ ಕಾರಣ ಬರೆಸುವ ಕೆಲಸವನ್ನು ಅಧ್ಯಾಪಕರು ಮುಂದಿನ ಸಂಚಿಕೆಯಿಂದಲೇ ಆರಂಭಿಸಬೇಕು.