ಮೇ ರಜೆ ಮತ್ತು ಆಫ್ರಿಕಾದ ಮಳೆ: ಸಫಾರಿಯ ಋತು ಕುರಿತ ತಪ್ಪು ಕಲ್ಪನೆಗಳು

ಟಿಟ್ವಾಳಾದಿಂದ ಕಲ್ಯಾಣ್, ಡೊಂಬಿವಲಿ, ಠಾಣೆ, ನವಿ ಮುಂಬಯಿಯವರೆಗೆ ಯಾವ ಮನೆಯಲ್ಲಾದರೂ ದೊಡ್ಡ ಪ್ರವಾಸದ ದಿನಾಂಕ ಗೊತ್ತುಮಾಡುವುದು ಮಕ್ಕಳ ಶಾಲೆ. ಮೇ ರಜೆ, ದೀಪಾವಳಿ ರಜೆ, ಕ್ರಿಸ್‌ಮಸ್ ರಜೆ. ಹೋಗುವುದೇನಿದ್ದರೂ ಈ ಮೂರರೊಳಗೇ ಆಗಬೇಕು. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನವಿದೆ, ಆರು ಗಂಟೆಯ ಆಸುಪಾಸಿನ ದಾರಿ. ಹಾಗಾಗಿ ಆಫ್ರಿಕಾದ ಸಫಾರಿ ಎಂಬುದು ಈಗ ಮಧ್ಯಮ ವರ್ಗದ ಮನೆಗಳಲ್ಲೂ ಉಳಿತಾಯ ಮಾಡಿ ಕಾಣಬಹುದಾದ ಕನಸು. ಆದರೆ ಮಾತು ಶುರುವಾದ ಕೂಡಲೇ ಒಂದು ತೀರ್ಮಾನ ತಾನಾಗಿ ಬಂದು ಕೂರುತ್ತದೆ: ಬೇಸಿಗೆಯಲ್ಲೇ ಪ್ರಾಣಿಗಳು ಚೆನ್ನಾಗಿ ಕಾಣುವುದು, ಮೇ ರಜೆಯಲ್ಲೇ ಹೋಗೋಣ. ಲಕ್ಷಗಟ್ಟಲೆ ಹಣ ಹಾಕಿ ಹೋಗುವವರು ಎಡವುವುದು ಇಲ್ಲಿಯೇ. ಕೀನ್ಯಾದ ಮಟ್ಟಿಗೆ ಹೇಳುವುದಾದರೆ ಏಪ್ರಿಲ್ ಮತ್ತು ಮೇ ಮಳೆ ಜೋರಾಗಿರುವ ತಿಂಗಳುಗಳು.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಬಿನಿಗೆ ಹೋಗಿಬಂದ ಕನ್ನಡಿಗರ ಅನುಭವ ಅದನ್ನೇ ಹೇಳುತ್ತದೆ. 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನಾಗರಹೊಳೆ, ಬಂಡೀಪುರ ಕಾಡುಗಳ ನಡುವೆ ವಿಶಾಲವಾದ ಹಿನ್ನೀರು ನಿಂತಿತು. ಮಾರ್ಚ್ ಕಳೆಯುತ್ತಿದ್ದಂತೆ ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತುತ್ತವೆ, ಇತ್ತ ಹಿನ್ನೀರು ಇಳಿದು ದಂಡೆಯ ಹಸಿ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಕುಡಿಯುವ ನೀರು, ಮೇವು ಎರಡೂ ಒಂದೇ ಕಡೆ ಸಿಗುವುದರಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಮುಂಗಾರು ಬಿದ್ದು ಕಾಡಿನ ತುಂಬ ನೀರಾದರೆ ಅವೇ ಆನೆಗಳು ಚದುರಿಹೋಗುತ್ತವೆ. ಅಂದರೆ ಕಬಿನಿಯಲ್ಲಿ ಆನೆಗಳನ್ನು ಕೂಡಿಸುವುದು ಬಿಸಿಲಲ್ಲ, ಮೇ ತಿಂಗಳೂ ಅಲ್ಲ. ನೀರು ಎಲ್ಲಿ ಉಳಿದಿದೆ ಎಂಬುದು. ನಾವು ಆಫ್ರಿಕಾಕ್ಕೆ ಹೊತ್ತೊಯ್ಯಬೇಕಾದ ಪಾಠ ಈ ನೀರಿನದು. ಹೊತ್ತೊಯ್ಯುತ್ತಿರುವುದು ತಿಂಗಳ ಹೆಸರನ್ನು ಮಾತ್ರ.

ಆಫ್ರಿಕಾ ಒಂದು ದೇಶವಲ್ಲ, ಅದಕ್ಕೆ ಒಂದೇ ಮಳೆಗಾಲವೂ ಇಲ್ಲ. ಕೀನ್ಯಾ ಮತ್ತು ಉತ್ತರ ಟಾಂಜಾನಿಯಾ ಭೂಮಧ್ಯರೇಖೆಯ ಆಚೀಚೆ ಇವೆ. ಸೂರ್ಯ ವರ್ಷಕ್ಕೆ ಎರಡು ಬಾರಿ ಆ ರೇಖೆಯನ್ನು ದಾಟುತ್ತಾನೆ, ಮಳೆಯ ಪಟ್ಟಿಯೂ ಅವನ ಹಿಂದೆಯೇ ಸರಿಯುತ್ತದೆ. ಹೀಗಾಗಿ ಅಲ್ಲಿ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಜೂನ್ ಬಂತೆಂದರೆ ದಕ್ಷಿಣ ಹಿಂದೂ ಮಹಾಸಾಗರದಿಂದ ಎದ್ದ ಗಾಳಿ ಪೂರ್ವ ಆಫ್ರಿಕಾದ ಕರಾವಳಿಯ ಬಳಿ ಭೂಮಧ್ಯರೇಖೆ ದಾಟಿ, ಅರಬ್ಬೀ ಸಮುದ್ರದ ಮೇಲೆ ನಮ್ಮತ್ತ ತಿರುಗಿ, ಸಹ್ಯಾದ್ರಿಗೆ ಬಡಿಯುತ್ತದೆ. ನಾವು ಮುಂಗಾರು ಎನ್ನುವುದು ಅದನ್ನೇ. ಟಿಟ್ವಾಳಾದ ಪಕ್ಕದಲ್ಲಿ ಕಾಳು ನದಿ ಕೆಂಪಗೆ ತುಂಬಿ ಹರಿಯುವ ಜುಲೈಯಲ್ಲಿ ಕೀನ್ಯಾದ ಬಹುಭಾಗ ಒಣಗಿರುತ್ತದೆ. ಮಳೆಗಾಗಿ ಕಾಯುವ ಹಕ್ಕಿಯೆಂದು ನಮ್ಮ ಕವಿಗಳು ಹಾಡಿದ ಚಾತಕವೂ ಈ ಗಾಳಿಯ ಜೊತೆಗೇ ಆಫ್ರಿಕಾದಿಂದ ಮಧ್ಯ ಮತ್ತು ಉತ್ತರ ಭಾರತಕ್ಕೆ ಬರುತ್ತದೆ. ಗಾಳಿ ಒಂದೇ ಆದರೂ ಎರಡು ದಡಗಳ ಋತು ಒಂದಲ್ಲ.

ಮೇ ತಿಂಗಳ ಮಳೆಯೆಂದರೆ ಏನೆಂಬುದನ್ನು 2024 ತೋರಿಸಿತು. ಆ ವರ್ಷದ ಮೇ 1ರಂದು ತಲೆಕ್ ನದಿ ಉಕ್ಕಿ ಕೀನ್ಯಾದ ಮಸಾಯಿ ಮಾರಾದ ಹತ್ತಾರು ಕ್ಯಾಂಪುಗಳಿಗೆ ನೀರು ನುಗ್ಗಿತು, ಪ್ರವಾಸಿಗರನ್ನು ಪಾರುಮಾಡಿ ಕರೆತರಬೇಕಾಯಿತು. ಪ್ರತಿ ವರ್ಷವೂ ಹಾಗಾಗುವುದಿಲ್ಲ, ನಿಜ. ಆದರೆ ಮಾರಾದ ನೆಲ ಬಹುಪಾಲು ಗದಗ, ಧಾರವಾಡದ ಎರೆಹೊಲದಂಥ ಕಪ್ಪುಮಣ್ಣು. ನಾಲ್ಕು ಗಂಟೆ ಮಳೆ ಸುರಿದರೆ ಸಾಕು, ಚಕ್ರಕ್ಕೆ ಮೆತ್ತಿಕೊಂಡ ಮಣ್ಣು ಗಾಡಿಯನ್ನು ಅಲ್ಲಾಡಲು ಬಿಡುವುದಿಲ್ಲ. ಹಾಗಾದರೆ ಮೇ ರಜೆಯೊಂದೇ ಇರುವ ಮನೆಯವರು ಆಫ್ರಿಕಾದ ಆಸೆ ಬಿಡಬೇಕೆ? ಬೇಕಿಲ್ಲ. ದಿಕ್ಕು ಬದಲಿಸಿದರೆ ಸಾಕು. ಆ ಹೊತ್ತಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಾಗಲಿ ಬೋತ್ಸ್ವಾನಾದ ಚೋಬೆಯಲ್ಲಾಗಲಿ ಮಳೆ ಮುಗಿದಿರುತ್ತದೆ. ಅಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೇಯಿಂದ ಅಕ್ಟೋಬರ್‌ವರೆಗೆ ಒಣಗಾಲ. ಬೋತ್ಸ್ವಾನಾದ ಒಕವಾಂಗೊ ಇನ್ನೂ ವಿಶೇಷ. ಅಂಗೋಲಾದ ಎತ್ತರದ ಪ್ರದೇಶದಲ್ಲಿ ವರ್ಷದ ಆರಂಭದಲ್ಲಿ ಬಿದ್ದ ಮಳೆನೀರು ನಿಧಾನವಾಗಿ ಹರಿಯುತ್ತ ತಿಂಗಳುಗಟ್ಟಲೆ ತಡವಾಗಿ ಅಲ್ಲಿಗೆ ತಲುಪುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶದಲ್ಲಿ ಮೋಡದ ಸುಳಿವಿಲ್ಲದಾಗ ನೆಲದ ಮೇಲೆ ನೆರೆ ಅತಿ ಹೆಚ್ಚು ಹರಡಿಕೊಂಡಿರುತ್ತದೆ. ಮಳೆಗಾಲವೆಂದರೆ ನೀರು, ಒಣಗಾಲವೆಂದರೆ ಬರ ಎಂಬ ನಮ್ಮ ಸರಳ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಎರಡನೆಯ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾದದ್ದು. ವೈಲ್ಡ್‌ಬೀಸ್ಟ್‌ಗಳ ಮಹಾವಲಸೆ ಜುಲೈ, ಆಗಸ್ಟ್‌ನಲ್ಲಿ ಮಸಾಯಿ ಮಾರಾದಲ್ಲಿ ನಡೆಯುವ ಒಂದು ಘಟನೆ, ಅದು ತಪ್ಪಿದರೆ ಎಲ್ಲ ತಪ್ಪಿದಂತೆ ಎಂದು ಬಹಳ ಜನ ನಂಬಿದ್ದಾರೆ. ಟಿವಿಯಲ್ಲಿ ಮೊಸಳೆಗಳಿರುವ ನದಿಯನ್ನು ಹಿಂಡು ದಾಟುವ ದೃಶ್ಯವನ್ನೇ ಮತ್ತೆಮತ್ತೆ ತೋರಿಸುವುದರಿಂದ ಹೀಗಾಗಿದೆ. ವಾಸ್ತವದಲ್ಲಿ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಎರಡು ಲಕ್ಷದಷ್ಟು ಜೀಬ್ರಾಗಳು ವರ್ಷವಿಡೀ ಒಂದು ವರ್ತುಲದಲ್ಲಿ ನಡೆಯುತ್ತಲೇ ಇರುತ್ತವೆ. ಅದಕ್ಕೆ ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲ. ಈ ವರ್ತುಲದ ಬಹುಭಾಗ ಇರುವುದು ಟಾಂಜಾನಿಯಾದಲ್ಲಿ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿಲೋಮೀಟರ್. ಮಸಾಯಿ ಮಾರಾ ಅದರ ಹತ್ತನೇ ಒಂದು ಪಾಲಿನಷ್ಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಂಡುಗಳು ದಕ್ಷಿಣದ ಎನ್ಡುಟು ಬಯಲಲ್ಲಿರುತ್ತವೆ. ಓಲ್ ಡೊಯಿನ್ಯೊ ಲೆಂಗಾಯಿ ಮತ್ತು ಸುತ್ತಣ ಜ್ವಾಲಾಮುಖಿಗಳ ಬೂದಿ ಬಿದ್ದ ನೆಲ ಅದು. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಹಾಲೂಡುವ ತಾಯಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಹೇರಳ. ಆದರೆ ಸದಾ ಹರಿಯುವ ನದಿ ಅಲ್ಲಿಲ್ಲ. ಮಳೆ ನಿಂತು ಹೊಂಡಗಳು ಬತ್ತಿದವೆಂದರೆ ಎಷ್ಟೇ ಸತ್ವವುಳ್ಳ ಹುಲ್ಲಾದರೂ ಬಿಟ್ಟು ಹೊರಡಲೇಬೇಕು. ಆಗ ಪಶ್ಚಿಮಕ್ಕೆ, ಉತ್ತರಕ್ಕೆ ಸರಿದು, ಜುಲೈ ಹೊತ್ತಿಗೆ ಮಾರಾ ನದಿಯ ಬಳಿ ಬರುತ್ತವೆ. ವಿಕ್ಟೋರಿಯಾ ಸರೋವರದ ಕಡೆಯಿಂದ ಒಣಗಾಲದಲ್ಲೂ ಆಗೀಗ ಸಂಜೆಮಳೆ ಬರುವುದರಿಂದ ಅಲ್ಲಿ ಮೇವಿರುತ್ತದೆ, ನದಿಯಲ್ಲಿ ನೀರಿರುತ್ತದೆ.

ನದಿ ದಾಟುವುದೂ ಟಿವಿಯಲ್ಲಿ ಕಂಡಂತೆ ನಡೆಯುವುದಿಲ್ಲ. ಹಿಂಡು ದಡಕ್ಕೆ ಬಂದು ಗಂಟೆಗಟ್ಟಲೆ ನಿಲ್ಲುತ್ತದೆ. ಮುಂದಿರುವುದು ಮೂಗು ನೀರಿಗೆ ಚಾಚಿ ಹಿಂದೆ ಸರಿಯುತ್ತದೆ, ಹಿಂದಿದ್ದವು ನೂಕುತ್ತವೆ, ಯಾವುದೋ ಒಂದು ಜೀಬ್ರಾ ಬೆದರಿ ತಿರುಗಿದರೆ ಇಡೀ ಹಿಂಡು ಧೂಳೆಬ್ಬಿಸಿಕೊಂಡು ವಾಪಸು ಹೋಗುತ್ತದೆ. ಇವತ್ತು ಆಚೆ ದಾಟಿದ ಹಿಂಡು ನಾಳೆ ಮೋಡ ಕಂಡ ದಿಕ್ಕಿಗೆ ಈಚೆ ಬರುವುದೂ ಉಂಟು. ಯಾವ ಕಂಪನಿಯೂ ಈ ದೃಶ್ಯಕ್ಕೆ ದಿನಾಂಕ ಬರೆದುಕೊಡಲಾರದು. ಕೊಟ್ಟರೆ ಅದನ್ನು ನಂಬಬಾರದು. ಇದಕ್ಕೆ ಎದುರಾಗಿ, ಫೆಬ್ರವರಿ ಆಸುಪಾಸಿನ ಎರಡು ಮೂರು ವಾರಗಳಲ್ಲಿ ಎನ್ಡುಟುವಿನ ಬಯಲಲ್ಲಿ ಬಹುಪಾಲು ಕರುಗಳು ಹುಟ್ಟುತ್ತವೆ. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಕಾಲೂರಿ ನಿಂತು ತಾಯಿಯ ಜೊತೆ ಓಡಲು ಕಲಿಯಬೇಕು, ಏಕೆಂದರೆ ಚೀತಾ, ಕತ್ತೆಕಿರುಬ, ಸಿಂಹ ಎಲ್ಲವೂ ಅಲ್ಲಿಯೇ ಸುಳಿದಾಡುತ್ತಿರುತ್ತವೆ. ಎಲ್ಲ ಕರುಗಳೂ ಒಟ್ಟಿಗೆ ಹುಟ್ಟುವುದೇ ಅವುಗಳಿಗೆ ರಕ್ಷಣೆ. ಬೇಟೆಗಾರ ಪ್ರಾಣಿಗಳು ತಿಂದು ಮುಗಿಸಲಾಗದಷ್ಟು ಸಂಖ್ಯೆ ಅದು. ನನ್ನ ತೂಕದಲ್ಲಿ ನದಿ ದಾಟುವುದಕ್ಕಿಂತ ಇದೇ ದೊಡ್ಡ ನೋಟ. ಆದರೂ ಮಾರುಕಟ್ಟೆಯ ಒಲವು ಜುಲೈ ಕಡೆಗೇ ಇದೆ. ಮಸಾಯಿ ಮಾರಾದಲ್ಲಿ ವಿದೇಶಿ ವಯಸ್ಕರ ಪ್ರವೇಶ ಶುಲ್ಕ 2024ರಿಂದ ಜನವರಿ–ಜೂನ್‌ನಲ್ಲಿ ದಿನಕ್ಕೆ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200 ಡಾಲರ್. ಬೆಲೆ ಹೆಚ್ಚಿದ್ದರೆ ಋತುವೂ ಶ್ರೇಷ್ಠ ಎಂದುಕೊಳ್ಳುವ ತಪ್ಪಿಗೆ ಇಂಥ ದರಪಟ್ಟಿ ಬಲ ಕೊಡುತ್ತದೆ.

ಇಲ್ಲೊಂದು ಆಕ್ಷೇಪ ಬರುವುದು ನ್ಯಾಯವೇ. ಮಳೆಯ ತಿಂಗಳಲ್ಲಿ ಹುಲ್ಲು ಎತ್ತರ, ಎಲ್ಲೆಡೆ ನೀರು, ಪ್ರಾಣಿಗಳು ಚದುರಿರುತ್ತವೆ. ಹಾಗಿರುವಾಗ ಒಣಗಾಲವೇ ಮೇಲಲ್ಲವೇ ಎಂದು. ಸಿಂಹ, ಚಿರತೆ, ಆನೆಗಳನ್ನು ಸುಲಭವಾಗಿ ನೋಡುವುದಷ್ಟೇ ಉದ್ದೇಶವಾದರೆ ಹೌದು, ಒಣಗಾಲವೇ ಮೇಲು. ನಮೀಬಿಯಾದ ಎತೋಷಾದಲ್ಲಿ ಸೆಪ್ಟೆಂಬರ್‌ನಲ್ಲಿ ಒಂದು ನೀರಿನ ಹೊಂಡದ ಪಕ್ಕ ಗಾಡಿ ನಿಲ್ಲಿಸಿದರೆ ಪ್ರಾಣಿಗಳೇ ಸರದಿಯಲ್ಲಿ ಬರುತ್ತವೆ. ಆದರೆ ಇದನ್ನೇ ಸಾರ್ವತ್ರಿಕ ನಿಯಮ ಮಾಡಿದರೆ ಎನ್ಡುಟು ಅದನ್ನು ಮುರಿಯುತ್ತದೆ. ಅಲ್ಲಿ ಹಿಂಡು ಕೂಡುವುದೇ ಹಸಿರಿನಲ್ಲಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಯುರೋಪ್, ಏಷ್ಯಾದ ವಲಸೆ ಹಕ್ಕಿಗಳು ಅಲ್ಲಿರುತ್ತವೆ. ಮಳೆ ಎಂದರೆ ಕಾಡಿನ ಗೇಟಿಗೆ ಬೀಗ ಎಂಬ ಭಾವನೆಯೂ ಇಲ್ಲಿಂದ ಹೋದದ್ದೇ. ಮಹಾರಾಷ್ಟ್ರದ ತಾಡೋಬಾ ಹುಲಿ ಕಾಡಿನಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೋರ್ ವಲಯ ಮುಚ್ಚುವುದನ್ನು ನೋಡಿದವರು ಆಫ್ರಿಕಾದಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಸೆರೆಂಗೆಟಿ, ಮಾರಾ, ಕ್ರೂಗರ್ ವರ್ಷವಿಡೀ ತೆರೆದಿರುತ್ತವೆ. ಕೆಲವು ಖಾಸಗಿ ಕ್ಯಾಂಪುಗಳು ಮಾತ್ರ ಏಪ್ರಿಲ್, ಮೇಯಲ್ಲಿ ಮುಚ್ಚುತ್ತವೆ.

ಆಫ್ರಿಕಾ ಎಂದರೆ ಸುಡುವ ಬಿಸಿಲು ಎಂಬ ನಂಬಿಕೆಗೆ ಹೆಚ್ಚು ಮಾತು ಬೇಡ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ನೈರೋಬಿ ನಗರವೇ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಟಾಂಜಾನಿಯಾದ ಎನ್ಗೊರೊಂಗೊರೊ ಕುಳಿಯ ಅಂಚು 2,300 ಮೀಟರ್ ಸಮೀಪ. ಜುಲೈ ಬೆಳಗ್ಗೆ ತೆರೆದ ಗಾಡಿಯಲ್ಲಿ ಕುಳಿತವರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಮೂರು ಅಂಗಿ ಕಡಿಮೆಯಾದರೂ ಸರಿ, ಬೆಚ್ಚನೆಯದು ಒಂದಿರಲಿ.

ಇನ್ನು ಕೊನೆಯ ಕಲ್ಪನೆ ನಮ್ಮ ಖಾಡಿಯದೇ. ಠಾಣೆ ಖಾಡಿಗೆ ಬರುವ ರಾಜಹಂಸಗಳು ಆಫ್ರಿಕಾದಿಂದ, ಇಲ್ಲವೇ ಸೈಬೀರಿಯಾದಿಂದ ಬರುತ್ತವೆ ಎಂದು ಹೇಳುವವರು ಬಹಳ. ಕಿರಿಯ ಜಾತಿಯ ರಾಜಹಂಸ ಟಾಂಜಾನಿಯಾದ ನಾಟ್ರನ್ ಸರೋವರದಲ್ಲಿ ಮರಿ ಮಾಡುವ ಹಕ್ಕಿಯೇ ಹೌದು, ಆದರೆ ನಮ್ಮಲ್ಲಿಗೆ ಬರುವವು ಬೇರೆ ಗುಂಪು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 2022ರಲ್ಲಿ ಇಲ್ಲಿನ ಆರು ರಾಜಹಂಸಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿತು. ಮಳೆಗಾಲದಲ್ಲಿ ಅವು ಗುಜರಾತಿನತ್ತ ಹಾರಿದವು. ಕಚ್ಛದ ರಣದಲ್ಲಿ ನೀರು ನಿಂತಾಗ ಅಲ್ಲಿ ಮರಿ, ಅದು ಬತ್ತಿದಾಗ ಇಲ್ಲಿ ಮೇವು. ಇಲ್ಲಿಯೂ ಅದೇ ನಿಯಮ. 2015ರಲ್ಲಿ ಸುಮಾರು 1,690 ಹೆಕ್ಟೇರ್ ಖಾಡಿಯನ್ನು ರಾಜಹಂಸ ಅಭಯಾರಣ್ಯವೆಂದು ಘೋಷಿಸಲಾಯಿತು, 2022ರಲ್ಲಿ ಅದು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲ, ಎನಿಸಿಕೊಂಡಿತು. ಇನ್ನೊಂದೆಡೆ ಕೀನ್ಯಾದಲ್ಲಿ ನಾಕುರು ಸರೋವರದ ನೀರು ಏರಿ ಉಪ್ಪಿನಂಶ ತಗ್ಗಿ, ಪಾಚಿ ಕಡಿಮೆಯಾಗಿ, ಆ ಕೆರೆಯ ಹೆಸರಾಂತ ಗುಲಾಬಿ ಬಣ್ಣ ಬೊಗೋರಿಯಾದಂಥ ಬೇರೆ ಸರೋವರಗಳಿಗೆ ಹೋಯಿತು. ಹಳೆಯ ಚಿತ್ರ ನಂಬಿ ನಾಕುರುವಿಗೆ ಹೋಗುವವರು ಟಿಟ್ವಾಳಾದಿಂದ ಠಾಣೆಗೆ, ಅಲ್ಲಿ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಐರೋಳಿಗೆ ಮೊದಲು ಹೋಗಬೇಕು. ಜನವರಿಯಿಂದ ಮೇ ಮೊದಲ ವಾರಗಳವರೆಗೆ ಕಾಂಡ್ಲಾ ಕಾಡಿನ ಅಂಚಿನ ಕೆಸರಲ್ಲಿ ತಲೆಕೆಳಗಾಗಿ ಕೊಕ್ಕಾಡಿಸುವ ಸಾವಿರಾರು ಹಕ್ಕಿಗಳು ಅಲ್ಲಿರುತ್ತವೆ. ಅವನ್ನು ತೋರಿಸುವ ದೋಣಿ ಹೊರಡುವ ಸಮಯ ಗಡಿಯಾರದ್ದಲ್ಲ, ಉಬ್ಬರದ್ದು. ದಿನಕ್ಕೆ ಸುಮಾರು 50 ನಿಮಿಷ ಅದು ಮುಂದಕ್ಕೆ ಸರಿಯುತ್ತದೆ.

ಹವಾಮಾನವೇ ಕೆಟ್ಟಿರುವಾಗ ಋತುವಿನ ಲೆಕ್ಕಕ್ಕೆ ಅರ್ಥವೇನು ಎಂದು ಕೇಳುವವರಿದ್ದಾರೆ. ಮಳೆ ತಡವಾದ ವರ್ಷ ಹಿಂಡು ತಡವಾಗುತ್ತದೆ, ರಣದಲ್ಲಿ ನೀರು ಹೆಚ್ಚು ದಿನ ನಿಂತರೆ ರಾಜಹಂಸಗಳೂ ತಡ. ಹೀಗಾಗಿಯೇ ತಿಂಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಕಾರಣವನ್ನು ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ಯಾಕೇಜ್ ಮಾರುವವರ ಹತ್ತಿರ ಹೋದಾಗ ಯಾವ ತಿಂಗಳು ಚೆನ್ನ ಎಂದು ಕೇಳಬೇಡಿ. ನಾವು ಹೋಗುವ ವಾರ ಅಲ್ಲಿ ನೀರು ಎಲ್ಲಿರುತ್ತದೆ, ಕ್ಯಾಂಪ್ ಅದರಿಂದ ಎಷ್ಟು ದೂರ ಎಂದು ಕೇಳಿ. ದಿನಾಂಕ ಗೊತ್ತಾದ ಮೇಲೆ ಇನ್ನೊಂದು ಕೆಲಸವಿದೆ. ಕೀನ್ಯಾ, ಉಗಾಂಡಾಗಳಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು, ಇಲ್ಲದಿದ್ದರೆ ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಲಸಿಕೆ ಸಿಗುವುದು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ, ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ.